ಲೈಟ್ ಆರಿದ್ದು, ನೀರು ನಿಂತಿದ್ದಿಲ್ಲೆ

ಕಳೆದ ಮಾರ್ಚಿನಲ್ಲಿ ಶಿರಸಿ ಹತ್ತಿರದ ಅಡಿಕೆ ತೋಟವೊಂದರಲ್ಲಿ ಒಂದೇ ರಾತ್ರಿ ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರು ಐದು ಸಾವಿರ ಲೀಟರ್ ಖಾಲಿ ಮಾಡಿದವನು ನಾನು.

ಕೆಲಸ ಸಣ್ಣದು. ಸಂಜೆ ಆರಕ್ಕೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ವಾಲ್ವ್ ತೆರೆದು, ಇಪ್ಪತ್ತು ನಿಮಿಷ ಡ್ರಿಪ್ ಬಿಟ್ಟು ಮುಚ್ಚಬೇಕು. ವಾಲ್ವ್ 12 ವೋಲ್ಟ್ ಡಿಸಿ, ಅಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನದು. ಪೈನ ಸಣ್ಣ ಸಿಗ್ನಲ್ಲಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚಿಗೆ ರಿಲೇ ಅನ್ನುತ್ತಾರೆ. ಮೊದಲು ಹಾಕುತ್ತಿದ್ದ ಟಿಕ್ ಟಿಕ್ ರಿಲೇಗಳು ಮಳೆಗಾಲದ ಥಂಡಿಗೆ ಕೈಕೊಟ್ಟಿದ್ದವು ಅಂತ ಬಾಸ್ ಒಳಗೆ ಅಲುಗಾಡುವ ಭಾಗವೇ ಇಲ್ಲದ ಸಾಲಿಡ್ ಸ್ಟೇಟ್ ರಿಲೇ ಬೋರ್ಡ್ ಹತ್ತು ಒಟ್ಟಿಗೇ ತರಿಸಿದ್ದರು. ಅಡಿಕೆ ಡ್ರೈಯರಿನ ಫ್ಯಾನಿಗೆ ಹಾಕಿದ್ದು ಒಂದು ಮಳೆಗಾಲ ಪೂರ್ತಿ ಚೆನ್ನಾಗಿ ಓಡಿತ್ತು. "ಇದ್ದದ್ದನ್ನೇ ಹಾಕೋ" ಅಂದರು. ಹಾಕಿದೆ.

ವಾಲ್ವ್ ತೆರೆಯಿತು. ಇಪ್ಪತ್ತು ನಿಮಿಷಕ್ಕೆ ಬೋರ್ಡಿನ ಎಲ್‌ಇಡಿ ಆರಿತು. ತೋಟದ ಯಜಮಾನರು ಪೈಪ್ ಹತ್ತಿರ ಬಗ್ಗಿ ನೋಡಿ, "ತಮಾ, ಲೈಟ್ ಆರಿದ್ದು, ನೀರು ನಿಂತಿದ್ದಿಲ್ಲೆ" ಅಂದರು.

ಪ್ಲಗ್ ಕಿತ್ತೆ. ನಿಂತಿತು. ಪೈ ಹ್ಯಾಂಗ್ ಆಗಿದೆ ಅಂತ ಅಲ್ಲೇ ತೀರ್ಮಾನಿಸಿಬಿಟ್ಟೆ. ಎಲ್‌ಇಡಿ ಆರಿಸಿದ್ದೇ ಆ ಪೈ ಅಂತ ಹೊಳೆಯಲಿಲ್ಲ ನೋಡಿ! ದಿನಾ ಏಳಕ್ಕೆ ತಾನೇ ರೀಬೂಟ್ ಆಗುವ ಹಾಗೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಕ್ರಾನ್‌ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ, ಅಕ್ಕ ಕೊಟ್ಟ ಆಸರಿ ಕುಡಿದು, ಕತ್ತಲಾಗುವ ಮೊದಲು ಬೈಕ್ ಹತ್ತಿದೆ. ಇನ್ನೊಂದು ಇಪ್ಪತ್ತು ನಿಮಿಷ ಕೂತು ನೋಡಿದ್ದರೆ ಆಗಿತ್ತು.

ಮರುದಿನ ಸಂಜೆ ಫೋನ್ ಬರಲಿಲ್ಲ, ಖುಷಿಯಾದೆ. ಅದರ ಮಾರನೇ ಬೆಳಿಗ್ಗೆ ಆರಕ್ಕೆ ಬಂತು. ಗುಡ್ಡದ ಟ್ಯಾಂಕ್ ಬರಿದು, ಕೊಟ್ಟಿಗೆಗೂ ನೀರಿಲ್ಲ. ಬೇಸಿಗೆಯ ಅಬ್ಬಿ ಅದು, ತುಂಬಲಿಕ್ಕೆ ಎರಡು ದಿನ.

ಹೋಗಿ ನೋಡಿದರೆ ಚೀಲದ ಮಲ್ಟಿಮೀಟರಿನ ಬ್ಯಾಟರಿ ಸತ್ತಿತ್ತು. ಹೊಸದಕ್ಕೆ ಮೂರು ಸಲ ಕೇಳಿದ್ದೆ, ಇರಲಿ. ಕೋಡ್ ಎರಡು ಸಲ ತಿರುಗಿಸಿ ಬರೆದೆ. ಯಜಮಾನರು ಪಕ್ಕದಲ್ಲಿ ಕವಳ ಹಾಕುತ್ತ ಮಾತಿಲ್ಲದೆ ಕೂತಿದ್ದರು, ಬೈದಿದ್ದರೆ ಸುಲಭವಿತ್ತು. ಕೊನೆಗೆ ತಲೆಕೆಟ್ಟು, ಪೈನಿಂದ ಬೋರ್ಡಿಗೆ ಹೋಗುವ ಜಂಪರ್ ತಂತಿಯನ್ನೇ ಕಿತ್ತೆ. ತಂತಿ ನನ್ನ ಕೈಯಲ್ಲಿದೆ, ವಾಲ್ವ್ ಕಾಯಿಲ್ ಇನ್ನೂ ಬಿಸಿ, ಅದು ಎಳೆದು ಹಿಡಿಯುವ ಕಬ್ಬಿಣದ ತುಂಡು, ಆರ್ಮೇಚರ್, ಹಿಡಿದೇ ಇದೆ. ಆಗ ಮೊಬೈಲ್ ಟಾರ್ಚ್ ಹಾಕಿ ಆ ಕಪ್ಪು ಡಬ್ಬಿಯ ಮೇಲಿನ ಅಕ್ಷರ ಓದಿದೆ. ಜಿ3ಎಂಬಿ-202ಪಿ. ಇನ್‌ಪುಟ್ 5 ವೋಲ್ಟ್ ಡಿಸಿ, ಲೋಡ್ 2 ಆಂಪ್ 240 ವೋಲ್ಟ್ ಎಸಿ. ಮೊದಲು 'ಡಿಸಿ' ಅಂತ ನೋಡಿದ ನಾನು ಮುಂದಿನ ಸಾಲು ಓದಿರಲಿಲ್ಲ.

ಒಳಗಿರುವುದು ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್. ಒಮ್ಮೆ ಆನ್ ಆದರೆ ಕರೆಂಟ್ ಸೊನ್ನೆಗೆ ಇಳಿಯುವ ತನಕ ಆಫ್ ಆಗುವುದಿಲ್ಲ. ನಮ್ಮ ಮನೆ ಲೈನಿನ 50 ಹರ್ಟ್ಜ್ ಎಸಿ ದಿಕ್ಕು ಬದಲಿಸುತ್ತ ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುತ್ತದೆ, ಹಾಗಾಗಿ ಫ್ಯಾನು ಸಲೀಸಾಗಿ ನಿಲ್ಲುತ್ತಿತ್ತು. ಡಿಸಿಯಲ್ಲಿ ಸೊನ್ನೆಯೇ ಬರುವುದಿಲ್ಲ. ಪೈ ರೀಬೂಟ್ ಆದರೆ ವಾಲ್ವಿನ 12 ವೋಲ್ಟ್ ಸಪ್ಲೈಗೆ ಏನಾಗಬೇಕು? ಪ್ಲಗ್ ಕಿತ್ತಾಗ ಮಾತ್ರ ಎರಡೂ ಒಟ್ಟಿಗೆ ಹೋಗುತ್ತಿತ್ತು.

ಮಧ್ಯಾಹ್ನ ಪೇಟೆಗೆ ಹೋಗಿ, ಡಿಸಿಯನ್ನೂ ಆನ್-ಆಫ್ ಮಾಡುವ ಟ್ರಾನ್ಸಿಸ್ಟರ್, ಮಾಸ್ಫೆಟ್, ತಂದೆ, ಪೈ ಕೊಡುವ 3.3 ವೋಲ್ಟಿಗೇ ಪೂರ್ತಿ ಆನ್ ಆಗುವ ಲಾಜಿಕ್ ಲೆವೆಲ್‌ನದ್ದು. ಆಫ್ ಆದಾಗ ಕಾಯಿಲ್ ಎಬ್ಬಿಸುವ ವೋಲ್ಟೇಜ್ ಮಾಸ್ಫೆಟ್ ಸುಡದ ಹಾಗೆ ಕಾಯಿಲ್ಲಿಗೆ ಅಡ್ಡ ಒಂದು 1ಎನ್4007 ಡಯೋಡ್. ಈ ಸಲ ಆರು ಸುತ್ತು ಆಗುವ ತನಕ ಅಲ್ಲೇ ಕೂತೆ.

ಉಳಿದ ಎಂಟು ಬೋರ್ಡಿನ ಮೇಲೂ ಮಾರ್ಕರಿನಲ್ಲಿ 'ಎಸಿ ಮಾತ್ರ' ಅಂತ ದಪ್ಪಗೆ ಬರೆದಿಟ್ಟೆ. ಬಾಸ್ ನೋಡಿ ಕೇಳಿದ್ದು ಒಂದೇ: "ಗೀಚಿ ಇಟ್ಯಲ್ಲ, ಇನ್ನು ವಾಪಸ್ ಯಾರು ತಗೋತಾರೆ?"