ತುಂಬಿದ್ದಕ್ಕೂ ಖಾಲಿಗೂ ನಡುವೆ: ಸಕ್ಕರೆ ಕಾರ್ಖಾನೆಯವನ ಫ್ಯಾಕ್ಟೋರಿಯೊ ಪಾಠ

ಹಂಗಾಮು ಮುಗಿದು ಮಿಲ್ ರೋಲರ್ ಬಿಚ್ಚಿ ಹಾಕಿದ ಮೇಲೆ ನಮ್ಮಲ್ಲಿಗೆ ಹೊಸ ಟ್ರೇನಿಗಳು ಬರುತ್ತಾರೆ. ನಡೆಯುವ ಕಾರ್ಖಾನೆಯನ್ನು ಅವರು ಕಂಡೇ ಇರುವುದಿಲ್ಲ. ಕಾಣಬೇಕೆಂದರೆ ಮುಂದಿನ ಹಂಗಾಮಿನವರೆಗೆ ಕಾಯಬೇಕು. ಅಲ್ಲಿಯವರೆಗೆ ಕೈಗೆ ಡ್ರಾಯಿಂಗ್ ಕೊಟ್ಟು ಪೈಪ್‌ಲೈನ್ ಹುಡುಕಲು ಹಚ್ಚುವುದು ರೂಢಿ. ನಾನು ಅದರ ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ: ಲ್ಯಾಪ್‌ಟಾಪ್ ಇದ್ದರೆ ಸಂಜೆ ರೂಮಿನಲ್ಲಿ ಫ್ಯಾಕ್ಟೋರಿಯೊ ಅನ್ನುವ ಕಂಪ್ಯೂಟರ್ ಆಟ ಆಡ್ರಿ. ಕೆಲವರು ಸಾಹೇಬರು ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡು ನಕ್ಕು ಸುಮ್ಮನಾಗುತ್ತಾರೆ. ಚೇಷ್ಟೆ ಅಲ್ಲ. ಯಾಕೆ ಹೇಳುತ್ತೇನೆ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್ ಕೆಲಸ. ಮಿಲ್, ಬಾಯ್ಲರ್, ಸ್ಟೀಮ್‌ನಿಂದ ಕರೆಂಟ್ ಹುಟ್ಟಿಸುವ ಕೋಜನ್ ಎಲ್ಲದರ ಮೇಲೂ ಕಣ್ಣಿಡಬೇಕು. ರಸ ಕಾಯಿಸಿ ಸಕ್ಕರೆ ಮಾಡುವ ಬಾಯ್ಲಿಂಗ್ ಹೌಸ್ ಕೆಮಿಸ್ಟ್‌ಗಳದ್ದು. ಆದರೆ ಅಲ್ಲಿ ಏನಾದರೂ ಸಿಕ್ಕಿಬಿದ್ದರೆ ಫೋನ್ ಬರುವುದು ನನಗೇ. ಆಟ ತಂದುಕೊಟ್ಟವನು ನನ್ನ ಅಕ್ಕನ ಮಗ, ಎಂಜಿನಿಯರಿಂಗ್ ಓದುವ ಹುಡುಗ. "ಮಾಮಾ, ನಿಮ್ಮ ಡ್ಯೂಟೀನ ಆಟ ಮಾಡ್ಯಾರ ನೋಡ್ರಿ" ಅಂದ. ನೋಡಿದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರಾಗ್‌ನ ವೂಬೆ ಸಾಫ್ಟ್‌ವೇರ್ ಎಂಬ ಕಂಪನಿಯ ಆಟ ಇದು. 1.0 ಆವೃತ್ತಿ ಬಂದದ್ದು 2020ರ ಆಗಸ್ಟ್‌ನಲ್ಲಿ. ಯಾವುದೋ ಗ್ರಹದ ಮೇಲೆ ನಿಮ್ಮ ನೌಕೆ ಕೆಟ್ಟು ಬಿದ್ದಿರುತ್ತದೆ. ಕೈಯಿಂದ ಕಲ್ಲು, ಕಲ್ಲಿದ್ದಲು, ಕಬ್ಬಿಣದ ಅದಿರು ಅಗೆದು ಒಂದು ಕಲ್ಲಿನ ಕುಲುಮೆಯಿಂದ ಶುರು ಮಾಡಿ, ಕೊನೆಗೆ ರಾಕೆಟ್ ಹಾರಿಸುವಷ್ಟು ದೊಡ್ಡ ಕಾರ್ಖಾನೆ ಕಟ್ಟಬೇಕು. ಬೆಲ್ಟ್ ಹಾಕಬೇಕು, ಮೆಷಿನ್ ಕೂಡಿಸಬೇಕು, ಕರೆಂಟ್ ಹುಟ್ಟಿಸಬೇಕು. ಕಾರ್ಖಾನೆಯ ಹೊಗೆ ಹೆಚ್ಚಾದಂತೆ ಸುತ್ತಲಿನ ಹುಳಗಳು ಸಿಟ್ಟಿಗೆದ್ದು ಬಂದು ಕಚ್ಚುತ್ತವೆ. ಹುಳಗಳ ಭಾಗ ನನಗೆ ಬೇಕಿಲ್ಲ. ಅದನ್ನು ಬಂದ್ ಮಾಡಿ ಆಡಬಹುದು, ಮಾಡ್ರಿ.

ಕಷ್ಟ ಎಲ್ಲಿದೆ ಅಂದರೆ, ಈ ಆಟ ನಿಮಗೆ ಯಾವತ್ತೂ "ಸೋತಿರಿ" ಅಂತ ಹೇಳುವುದಿಲ್ಲ. ಕಾರ್ಖಾನೆ ಸುಮ್ಮನೆ ನಿಧಾನವಾಗುತ್ತದೆ. ಎಲ್ಲ ಮೆಷಿನ್ ಹೊಸದು, ಎಲ್ಲ ಬೆಲ್ಟ್ ಸರಿ, ಆದರೂ ಮಾಲು ಬರುವುದಿಲ್ಲ. ಹಸಿರು ಸರ್ಕಿಟ್ ಅಂತ ಒಂದು ವಸ್ತು ಇದೆ, ಆಟದ ಅರ್ಧ ಸಾಮಾನು ಅದರಿಂದಲೇ ಆಗುವುದು. ಒಂದಕ್ಕೆ ಮೂರು ತಾಮ್ರದ ತಂತಿ, ಒಂದು ಕಬ್ಬಿಣದ ತಗಡು ಬೇಕು. ತಂತಿ ಮಾಡುವ ಮೆಷಿನ್ ಮೂರಿದ್ದರೆ ಸರ್ಕಿಟ್ ಮಾಡುವ ಮೆಷಿನ್ ಎರಡಕ್ಕೆ ಸರಿಹೋಗುತ್ತದೆ. ಇದು ಗೊತ್ತಿಲ್ಲದವನು ಒಂದಕ್ಕೊಂದು ಜೋಡಿ ಹಾಕುತ್ತಾನೆ, ಸರ್ಕಿಟ್ ಸಾಲುವುದಿಲ್ಲ. ಆಗ ಏನು ಮಾಡುತ್ತಾನೆ? ಸರ್ಕಿಟ್ ಮೆಷಿನ್ ಇನ್ನೂ ನಾಲ್ಕು ಇಡುತ್ತಾನೆ. ಒಂದು ಸರ್ಕಿಟ್ ಕೂಡ ಜಾಸ್ತಿ ಬರುವುದಿಲ್ಲ, ಯಾಕೆಂದರೆ ಹಸಿವು ಇರುವುದು ತಂತಿಯದು. ಮಾಲು ಕಡಿಮೆ ಕಂಡ ಕಡೆಗೇ ಮೆಷಿನ್ ಸುರಿಯುವ ಈ ಚಟ ನಮ್ಮ ಮೀಟಿಂಗ್ ರೂಮುಗಳಲ್ಲಿಯೂ ಬೇಕಾದಷ್ಟಿದೆ.

ಮುಗ್ಗರಿಸಿ ಮುಗ್ಗರಿಸಿ ಆಡುತ್ತಾ ಹೋದಂತೆ ಒಂದು ಸೂತ್ರ ಕೈಗೆ ಹತ್ತುತ್ತದೆ. ಬೆಲ್ಟ್ ಹಿಡಿದು ನಡೆಯುತ್ತಾ ಹೋಗಿ. ಒಂದು ಕಡೆ ಮಾಲು ಒತ್ತೊತ್ತಾಗಿ ತುಂಬಿ ನಿಂತಿರುತ್ತದೆ. ಇನ್ನೊಂದು ಕಡೆ ಬೆಲ್ಟ್ ಖಾಲಿ ಓಡುತ್ತಿರುತ್ತದೆ. ತುಂಬಿದ್ದು ಮುಗಿದು ಖಾಲಿ ಶುರುವಾಗುವ ಆ ಗಡಿಯಲ್ಲೇ ರೋಗ. ತುಂಬಿ ನಿಂತ ಕಡೆಯವರು ಎಷ್ಟೇ ಕೂಗಲಿ, ತಪ್ಪು ಅವರದಲ್ಲ. ಖಾಲಿ ಕುಂತವರದ್ದೂ ಅಲ್ಲ. ಹೇಳುವಾಗ ಸಣ್ಣ ಮಾತು. ಆದರೆ ರಾತ್ರಿ ಎರಡು ಗಂಟೆಗೆ ನಾಲ್ಕು ಕಡೆಯಿಂದ ಫೋನ್ ಬರುವಾಗ ಇದು ನೆನಪಾಗಬೇಕಾದರೆ ಕೈಗೆ ರೂಢಿಯಾಗಿರಬೇಕು.

ಕಳೆದ ಹಂಗಾಮಿನಲ್ಲಿ ಒಂದು ರಾತ್ರಿ, ಸಿರಪ್ ಕುದಿಸಿ ಹರಳು ಕಟ್ಟಿಸುವ ಪ್ಯಾನ್ ಫ್ಲೋರ್‌ನಿಂದ ಫೋನ್: "ಸಾಹೇಬ್ರ, ಮಿಲ್ ಸ್ಲೋ ಮಾಡ್ರಿ, ಸಿರಪ್ ಇಡಾಕ ಜಾಗಾ ಇಲ್ಲ." ಕಂಟ್ರೋಲ್ ರೂಮಿನ ಡಿಸಿಎಸ್ ಪರದೆ ನೋಡಿದರೆ ಸಿರಪ್ ಟ್ಯಾಂಕ್ ಕಂಠಮಟ್ಟ. 5000 ಟಿಸಿಡಿ, ಅಂದರೆ ದಿನಕ್ಕೆ 5000 ಟನ್ ಕಬ್ಬು ಅರೆಯುವ ಲೆಕ್ಕದ ಕಾರ್ಖಾನೆ ಅಂದರೆ ಗಂಟೆಗೆ ಹೆಚ್ಚುಕಡಿಮೆ 208 ಟನ್ ಕಬ್ಬು. ಹೊರಗೆ ಯಾರ್ಡ್‌ನಲ್ಲಿ ಟ್ರ್ಯಾಕ್ಟರ್ ಸಾಲು ರಸ್ತೆಗೆ ಮುಟ್ಟಿದೆ. ಜೊತೆಗಿದ್ದ ಟ್ರೇನಿ, ರಸ ಇಂಗಿಸಿ ಸಿರಪ್ ಮಾಡುವ ಇವ್ಯಾಪೊರೇಟರ್ ಕಡೆ ಓಡಲು ಎದ್ದ. ಸಿರಪ್ ಬರುವುದು ಅಲ್ಲಿಂದ ತಾನೇ. ಕೂರಿಸಿ ಕೇಳಿದೆ: ತುಂಬಿದ್ದು ಗೊತ್ತಾಯಿತು, ಖಾಲಿ ಇರುವುದು ಎಲ್ಲಿ?

ಸಿರಪ್ ಕುದಿಸಿ ಸೆಂಟ್ರಿಫ್ಯೂಗಲ್ ಮೆಷಿನ್‌ನಲ್ಲಿ ತಿರುಗಿಸಿದರೆ ಸಕ್ಕರೆ ಬೇರೆ, ಕಾಕಂಬಿ ಬೇರೆ. ಆ ಕಾಕಂಬಿಯನ್ನೇ ಮತ್ತೆ ಕುದಿಸಿ ತಿರುಗಿಸುತ್ತಾ ಹೋಗುವ ಮೂರು ಸುತ್ತುಗಳೇ 'ಎ', 'ಬಿ', 'ಸಿ'. ಇಬ್ಬರೂ ಮಾಲಿನ ದಾರಿ ಹಿಡಿದು ಮುಂದೆ ನಡೆದೆವು. ಸಿರಪ್ ಟ್ಯಾಂಕ್ ತುಂಬಿದೆ. 'ಎ' ಪ್ಯಾನ್‌ಗಳು ಕುದ್ದು ಸಿದ್ಧವಾಗಿ ಇಳಿಸಲು ಜಾಗವಿಲ್ಲದೆ ನಿಂತಿವೆ. 'ಎ' ಸೆಂಟ್ರಿಫ್ಯೂಗಲ್‌ಗಳು ನಿಧಾನ, ಯಾಕೆಂದರೆ ಅವುಗಳಿಂದ ಇಳಿಯುವ ಕಾಕಂಬಿಯ ಟ್ಯಾಂಕ್ ತುಂಬಿದೆ. 'ಬಿ' ಕಡೆಯೂ ಅದೇ ಕಥೆ. ಕುದ್ದ ಮಾಲು ತಣಿಸುವ 'ಸಿ' ಕ್ರಿಸ್ಟಲೈಜರ್‌ಗಳು ಅಂಚಿನವರೆಗೆ ತುಂಬಿ ಭಾರವಾಗಿ ತಿರುಗುತ್ತಿವೆ. ಅದರ ಕೆಳಗೆ 'ಸಿ' ಸೆಂಟ್ರಿಫ್ಯೂಗಲ್ ಹುಡುಗ ಮೆಷಿನ್ ನಿಲ್ಲಿಸಿ ಕುಂತಿದ್ದಾನೆ. "ಕೆಳಗ ಟ್ಯಾಂಕ್ ತುಂಬೈತ್ರಿ, ಪಂಪ್ ಎಳೀವಲ್ದು." ಪಂಪ್‌ನವನನ್ನು ಕೇಳಿದರೆ, "ಪಂಪ್ ನಡದೈತಲ್ರೀ, ನೋಡ್ರಿ." ನಡೆದಿತ್ತು, ಖರೆ. ಆದರೆ ಆಂಪಿಯರ್ ತೀರಾ ಕಡಿಮೆ, ಮೋಟರ್ ಮೇಲೆ ಭಾರವೇ ಇಲ್ಲ. ಅದರಾಚೆ ಕಾಕಂಬಿ ತೂಗುವ ಸ್ಕೇಲ್ ಒಣಗಿ ಕುಂತಿದೆ.

ಗಡಿ ಸಿಕ್ಕಿತು. ಪಂಪ್‌ನ ಸಕ್ಷನ್ ಸ್ಟ್ರೈನರ್, ಅಂದರೆ ಎಳೆಯುವ ಬಾಯಿಯ ಜಾಳಿಗೆ, ಬಿಚ್ಚಿದರೆ ಗೋಣಿ ನಾರು, ಅದರ ಸುತ್ತ ಹಲ್ವಾದಂತೆ ಗಟ್ಟಿಯಾದ ಕಾಕಂಬಿ. ಚಳಿಗಾಲದ ರಾತ್ರಿ, ಕಾಕಂಬಿ ಮೊದಲೇ ಮಂದ. ಬಿಸಿನೀರು ಹಾಕಿ ತೊಳೆದು ಕೂಡಿಸಿದ ಮೇಲೆ ಪಂಪ್‌ನ ದನಿಯೇ ಬದಲಾಯಿತು. ಒಂದು ಜಾಳಿಗೆ ಕಟ್ಟಿದ್ದಕ್ಕೆ ಆ ತುದಿಯಲ್ಲಿ ಮಿಲ್ ನಿಲ್ಲುವ ಹೊತ್ತು ಬಂದಿತ್ತು. ನಡುವೆ ಇದ್ದವರೆಲ್ಲ ತಂತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು. (ಬಿ-ಹೆವಿ, ಅಂದರೆ 'ಬಿ' ಸುತ್ತಿನ ಕಾಕಂಬಿಯನ್ನೇ ಎಥೆನಾಲ್‌ಗೆ ಕಳಿಸುವ ಕಾರ್ಖಾನೆಗಳಲ್ಲಿ ಈ ದಾರಿ ಗಿಡ್ಡ. ಗಡಿ ಹುಡುಕುವ ರೀತಿ ಬೇರೆಯಾಗುವುದಿಲ್ಲ.)

ಇನ್ನೊಂದು ಗಮನಿಸಬೇಕಾದದ್ದು, ಜಾಳಿಗೆ ತೊಳೆದ ಕೂಡಲೇ ಮಿಲ್ ವೇಗ ಏರಿಸಲು ಬರುವುದಿಲ್ಲ. ಗಂಟು ಬಿಡುವುದು ಹಿಂದಿನ ತುದಿಯಿಂದ. ಮೊದಲು 'ಸಿ' ಕಡೆ ಖಾಲಿಯಾಗಬೇಕು, ಆಮೇಲೆ 'ಬಿ', ಆಮೇಲೆ 'ಎ', ಆಮೇಲೆ ಸಿರಪ್. ಮಿಲ್‌ನ ಸರದಿ ಕಟ್ಟಕಡೆಗೆ. ಟ್ರೇನಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಆಟದ ತೈಲ ಶುದ್ಧೀಕರಣದ ಹಂತದಲ್ಲಿ ಅವನು ಇದನ್ನೇ ಅನುಭವಿಸಿದ್ದ.

ಆ ಹಂತವನ್ನು ಸ್ವಲ್ಪ ಹೇಳಲೇಬೇಕು, ಹೆಚ್ಚಿನವರು ಆಟ ಬಿಟ್ಟು ಏಳುವುದು ಅಲ್ಲಿಯೇ. ಸುಧಾರಿತ ಶುದ್ಧೀಕರಣದಲ್ಲಿ 100 ಪಾಲು ಕಚ್ಚಾ ತೈಲ ಹಾಕಿದರೆ 25 ಭಾರ ತೈಲ, 45 ಹಗುರ ತೈಲ, 55 ಪೆಟ್ರೋಲಿಯಂ ಅನಿಲ ಬರುತ್ತದೆ. ಪ್ಲಾಸ್ಟಿಕ್‌ಗೂ ಗಂಧಕಕ್ಕೂ ಬೇಕಾಗುವುದು ಅನಿಲ. ಭಾರ ತೈಲ ಯಾರಿಗೂ ಅಷ್ಟು ಬೇಡ. ಬೇಡವಾದದ್ದು ಟ್ಯಾಂಕ್‌ನಲ್ಲಿ ತುಂಬುತ್ತಾ ಹೋಗಿ, ತುಂಬಿದ ಕ್ಷಣ ಇಡೀ ರಿಫೈನರಿ ನಿಲ್ಲುತ್ತದೆ, ಬೇಕಾದ ಅನಿಲವೂ ಬಂದ್. ಆಡುವವನು ಅನಿಲ ಸಾಲುತ್ತಿಲ್ಲ ಅಂತ ಇನ್ನೊಂದು ಬಾವಿ ತೋಡುತ್ತಾನೆ. ಏನೂ ಆಗುವುದಿಲ್ಲ. ಇನ್ನೊಂದು ಟ್ಯಾಂಕ್ ಇಡುತ್ತಾನೆ. ಸ್ವಲ್ಪ ಹೊತ್ತು ನಡೆದು ಮತ್ತೆ ನಿಲ್ಲುತ್ತದೆ. ಟ್ಯಾಂಕ್ ಇಟ್ಟರೆ ಸಿಗುವುದು ವಾಯಿದೆ ಅಷ್ಟೇ, ಪರಿಹಾರ ಅಲ್ಲ ಅನ್ನುವುದು ಆಗ ತಲೆಗೆ ಹೋಗುತ್ತದೆ. ಭಾರ ತೈಲವನ್ನು ಒಡೆದು ಹಗುರ ಮಾಡುವ, ಹಗುರವನ್ನು ಒಡೆದು ಅನಿಲ ಮಾಡುವ ಘಟಕ ಕೂಡಿಸಿದ ಮೇಲೆಯೇ ಸರಾಗ. ಸಕ್ಕರೆ ಕಾರ್ಖಾನೆಯಲ್ಲಿ ಕಾಕಂಬಿ ಸಾಗದಿದ್ದರೆ ಸಕ್ಕರೆಯೂ ಬರುವುದಿಲ್ಲ ಅನ್ನುವುದನ್ನು ಪಾಠ ಮಾಡಿ ಹೇಳಿದರೆ ಹುಡುಗರು ತಲೆ ಆಡಿಸುತ್ತಾರೆ. ರಿಫೈನರಿ ಕಟ್ಟಿ ಸಿಕ್ಕಿಬಿದ್ದವನು ತಲೆ ಆಡಿಸುವುದಿಲ್ಲ, ಎದ್ದು ಹೋಗಿ ಟ್ಯಾಂಕ್ ಲೆವೆಲ್ ನೋಡುತ್ತಾನೆ.

ಗಡಿ ಹುಡುಕುವ ಸೂತ್ರ ಕೈಕೊಡುವ ಜಾಗವೂ ಒಂದಿದೆ. ಆಟದಲ್ಲಿ ಕಲ್ಲಿದ್ದಲು ಅಗೆಯುವ ಡ್ರಿಲ್ ಕರೆಂಟಿನದ್ದು, ಅದನ್ನು ಬಾಯ್ಲರ್‌ಗೆ ಹಾಕುವ ಯಂತ್ರದ ಕೈಯೂ ಕರೆಂಟಿನದ್ದು. ಹೊಸ ಮೆಷಿನ್ ಕೂಡಿಸುತ್ತಾ ಹೋದಂತೆ ಕರೆಂಟ್ ಸಾಲದಾಗುತ್ತದೆ. ಆಗ ಡ್ರಿಲ್ ನಿಧಾನ, ಕೈ ನಿಧಾನ, ಕಲ್ಲಿದ್ದಲು ಕಡಿಮೆ, ಕರೆಂಟ್ ಇನ್ನೂ ಕಡಿಮೆ. ಸುತ್ತಿ ಸುತ್ತಿ ಎಲ್ಲ ಮಲಗುತ್ತದೆ. ಇಲ್ಲಿ ತುಂಬಿದ್ದೂ ಇಲ್ಲ, ಖಾಲಿಯೂ ಇಲ್ಲ, ಎಲ್ಲವೂ ಒಟ್ಟಿಗೆ ಸೊರಗುತ್ತದೆ. ಉಪಾಯ ಏನೆಂದರೆ ಬಾಯ್ಲರ್ ಮುಂದೆ ಕರೆಂಟ್ ಬೇಡದ, ತಾನು ಎತ್ತುವ ಕಲ್ಲಿದ್ದಲನ್ನೇ ತಾನೂ ಉರಿಸಿಕೊಂಡು ನಡೆಯುವ ಹಳೇ ಮಾದರಿಯ ಕೈ ಇಡುವುದು. ಆಟದಲ್ಲಿ ಎಲ್ಲರೂ ಮೊದಲ ತಾಸಿನಲ್ಲಿಯೇ ಬಿಸಾಕುವ ಸಾಮಾನು ಅದು.

ನಮ್ಮ ಕಾರ್ಖಾನೆಯೂ ಇಂಥದೇ ಸುತ್ತು. 100 ಟನ್ ಕಬ್ಬು ಅರೆದರೆ 28ರಿಂದ 30 ಟನ್ ಬಗಾಸ್, ಅಂದರೆ ಕಬ್ಬಿನ ಸಿಪ್ಪೆ. ಅದೇ ಬಾಯ್ಲರ್‌ಗೆ ಮೇವು. ಬಾಯ್ಲರ್‌ನ ಸ್ಟೀಮ್ ಟರ್ಬೈನ್‌ಗೆ, ಟರ್ಬೈನ್‌ನ ಕರೆಂಟ್ ಮತ್ತೆ ಮಿಲ್‌ಗೆ. ಅಕಾಲ ಮಳೆ ಬಿದ್ದು ಹೊಲದಲ್ಲಿ ಟ್ರ್ಯಾಕ್ಟರ್ ಹುಗಿದು ಕಬ್ಬು ನಿಂತರೆ ಮಿಲ್ ನಿಲ್ಲುತ್ತದೆ, ಹೊಸ ಬಗಾಸ್ ಬರುವುದಿಲ್ಲ. ಯಾರ್ಡ್‌ನಲ್ಲಿ ಗುಡ್ಡ ಹಾಕಿದ ಬಗಾಸನ್ನು ಲೋಡರ್‌ನಿಂದ ತಳ್ಳಿ ಬಾಯ್ಲರ್‌ಗೆ ಏರಿಸಬೇಕು. ಪ್ರತಿ ಹಂಗಾಮಿನ ಕೊನೆಗೆ ಒಂದಿಷ್ಟು ಬಗಾಸ್ ಉಳಿಸಿ ಇಡುವುದೂ ಮುಂದಿನ ವರ್ಷ ಬಾಯ್ಲರ್ ಹೊತ್ತಿಸಲಿಕ್ಕೇ. ನಮ್ಮ ಹಿರಿಯ ಬಾಯ್ಲರ್ ಅಟೆಂಡೆಂಟ್ ಒಬ್ಬರಿದ್ದಾರೆ. ಆಟ ಗೀಟ ಅವರಿಗೆ ಗೊತ್ತಿಲ್ಲ. ನಾನು ಸೇರಿದ ಹೊಸದರಲ್ಲಿಯೇ ಹೇಳಿದ್ದರು: "ಪ್ರೆಶರ್ ಬಿದ್ದ ಮ್ಯಾಲೆ ಬಗಾಸ್ ಹುಡುಕಬ್ಯಾಡ್ರಿ ಸಾಹೇಬ್ರ, ಬೀಳೂಕಿಂತ ಮೊದಲ ಲೋಡರ್ ನಡಸ್ರಿ." ಆಟದಲ್ಲಿ ಕತ್ತಲಾಗುವ ಮುಂಚೆ ಆ ಹಳೇ ಕೈ ಇಟ್ಟವನಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಆಡುವ ರೀತಿಯ ಬಗ್ಗೆ ನನ್ನದು ಸ್ವಲ್ಪ ಹಟ ಇದೆ. ಬೇರೆಯವರು ಮಾಡಿಟ್ಟ ಬ್ಲೂಪ್ರಿಂಟ್ ತಂದು ಅಂಟಿಸಬೇಡ್ರಿ. ಅದು ನಡೆಯುತ್ತದೆ, ಯಾಕೆ ನಡೆಯಿತು ಅಂತ ಮಾತ್ರ ಗೊತ್ತಾಗುವುದಿಲ್ಲ, ಮುಂದೆ ನಿಂತಾಗ ಯಾಕೆ ನಿಂತಿತು ಅನ್ನುವುದೂ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಮುಟ್ಟುವ ಮೊದಲು ಸೇವ್ ಮಾಡಿ, ಶಿಫ್ಟ್ ಲಾಗ್‌ಬುಕ್ ಬರೆದಂತೆ ಒಂದು ಸಾಲು ಬರೆಯಿರಿ: ಇಂಥದ್ದು ಮಾಡುತ್ತಿದ್ದೇನೆ, ಇಂಥದ್ದು ಆಗುತ್ತದೆ ಅಂದುಕೊಂಡಿದ್ದೇನೆ. ಹತ್ತು ನಿಮಿಷ ಬಿಟ್ಟು ನೋಡಿ. ಮೂರು ವಾಲ್ವ್ ಒಟ್ಟಿಗೆ ತಿರುವಿ ಸರಿಮಾಡಿದವನಿಗೆ ಯಾವುದರಿಂದ ಸರಿಹೋಯಿತು ಅನ್ನುವುದು ಕೊನೆಗೂ ಗೊತ್ತಿರುವುದಿಲ್ಲ. ಮುಂದಿನ ಸಲವೂ ಮೂರನ್ನೂ ತಿರುವುತ್ತಾನೆ. ಪ್ರಯೋಗ ಮಾಡಿ ಕಲಿಯುವುದು ಅಂದರೆ ಕೈಗೆ ಸಿಕ್ಕದ್ದನ್ನು ತಿರುವುವುದಲ್ಲ. ನಿಜವಾದ ಬಾಯ್ಲರ್ ಮುಂದೆ ಅದಕ್ಕೆ ಅವಕಾಶವೂ ಇಲ್ಲ, ಇರಲೂಬಾರದು.

ನಮ್ಮ ಚೀಫ್ ಎಂಜಿನಿಯರ್‌ಗೆ ಇದೆಲ್ಲ ಅಷ್ಟಾಗಿ ಒಪ್ಪಿಗೆಯಿಲ್ಲ. ಅವರ ತಕರಾರಿನಲ್ಲಿ ಹುರುಳಿದೆ. ಆಟದ ಅದಿರು ಎಷ್ಟು ದಿನ ಬೆಲ್ಟ್ ಮೇಲೆ ನಿಂತರೂ ಕೆಡುವುದಿಲ್ಲ. ಕಡಿದ ಕಬ್ಬು ಒಂದು ದಿನ ದಾಟಿತೆಂದರೆ ಅದರೊಳಗಿನ ಸಕ್ಕರೆ ಇಳಿಯಲು ಶುರು, ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಹೊಡೆತ ತಿನ್ನುತ್ತದೆ. ಆಟದ ಕಲ್ಲಿದ್ದಲು ಒದ್ದೆಯಾಗುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಅದಿರು ಬೆಲೆ ಕೇಳುವುದಿಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ಧರಣಿ ಕೂತಿದ್ದರು, ನಮ್ಮ ಭಾಗಕ್ಕೂ ಅದರ ಬಿಸಿ ಮುಟ್ಟಿತ್ತು. ಯಾವ ಬೆಲ್ಟ್ ಹಿಡಿದು ನಡೆದರೂ ಆ ಗಡಿ ಸಿಗುವಂಥದ್ದಲ್ಲ. ಅದು ಕೂತು ಮಾತಾಡಿ ಬಿಡಿಸುವ ಗಂಟು. ಕಟಾವಿನ ಗ್ಯಾಂಗ್ ಯಾವ ಹೊಲಕ್ಕೆ ಮೊದಲು ಹೋಗಬೇಕು ಅನ್ನುವ ಜಗಳವೂ ಅಷ್ಟೇ. ಆದ್ದರಿಂದ ಆಟ ಬಂತೆಂದರೆ ಕಾರ್ಖಾನೆ ಬಂತು ಅಂತ ನಾನು ಯಾರಿಗೂ ಹೇಳುವುದಿಲ್ಲ. ಮೆಷಿನ್ ಭಾಗಕ್ಕೆ ಮಾತ್ರ ಅದರಷ್ಟು ಅಗ್ಗದ ಗುರು ನನಗೆ ಬೇರೆ ಸಿಕ್ಕಿಲ್ಲ.

ಈ ಸಲದ ಟ್ರೇನಿ ಈಗ ರೈಲಿನ ಹಂತದಲ್ಲಿದ್ದಾನೆ. ಎರಡು ರೈಲು ಜಂಕ್ಷನ್‌ನಲ್ಲಿ ಒಂದರ ದಾರಿಗೆ ಒಂದು ಅಡ್ಡ ನಿಂತು ಇಡೀ ಲೈನ್ ಬಂದ್ ಆಗಿತ್ತಂತೆ. ಆಟದಲ್ಲಿ ಚೈನ್ ಸಿಗ್ನಲ್ ಅಂತ ಒಂದಿದೆ: ಜಂಕ್ಷನ್‌ನಿಂದ ಹೊರಗೆ ಹೋಗುವ ದಾರಿ ತೆರವಿಲ್ಲದಿದ್ದರೆ ರೈಲನ್ನು ಒಳಗೇ ಬಿಡುವುದಿಲ್ಲ. ಅದನ್ನು ಹಾಕಿ ಬಿಡಿಸಿಕೊಂಡ ಮರುದಿನ ಬಂದು ನಮ್ಮ ತೂಕದ ಕಟ್ಟೆಯ ಮುಂದಿನ ತಿರುವಿನ ಚಿತ್ರ ಬರೆದು ತೋರಿಸಿದ. ಕಬ್ಬು ತುಂಬಿದ ಡಬಲ್ ಟ್ರಾಲಿ ಒಳಗೆ ಬರುವ ದಾರಿಯೂ ಖಾಲಿ ಟ್ರಾಲಿ ಹೊರಬೀಳುವ ದಾರಿಯೂ ಅಲ್ಲಿ ಒಂದನ್ನೊಂದು ದಾಟುತ್ತವೆ, ಹಂಗಾಮಿನ ಭರದಲ್ಲಿ ದಿನಾ ಗದ್ದಲ. ಹೊರಗಿನ ದಾರಿ ತೆರವಾಗದೆ ಗೇಟಿನವನು ಟೋಕನ್ ಕೊಡಬಾರದು ಅನ್ನುವುದು ಅವನ ವಾದ. ಚೀಫ್ ಸಾಹೇಬರು ಚಿತ್ರ ನೋಡಿ, ಆಟದ ಮಾತು ಎತ್ತದೆ, ತಿರುವಿನಲ್ಲಿ ಹಳದಿ ಗೆರೆ ಹೊಡೆಸಲು ಸಿವಿಲ್‌ನವರಿಗೆ ಹೇಳಿದ್ದಾರೆ. ಹಂಗಾಮು ಶುರುವಿನ ಬಾಯ್ಲರ್ ಪೂಜೆಯ ಹೊತ್ತಿಗೆ ಬಣ್ಣ ಆಗಿದ್ದರೆ ಈ ಹಂಗಾಮಿನಲ್ಲಿ ಹಾಗೇ ನಡೆಸಿ ನೋಡುವುದು ಅಂತ ಆಗಿದೆ. ಟೋಕನ್ ಕೊಡುವವನನ್ನು ಒಪ್ಪಿಸುವ ಕೆಲಸ ಇನ್ನೂ ಬಾಕಿ ಇದೆ.