ಪುಟ್ಟಿ ಹಲ್ಲಿಗೆ ಅಂತ ಮಾಡಿದ ರಾಗಿ ಕಡ್ಡಿ

ಪುಟ್ಟಿಗೆ ಎಂಟು ತಿಂಗಳು ತುಂಬ್ತು, ಕೆಳಗಿನ ಒಸಡಲ್ಲಿ ಎರಡು ಬಿಳಿ ಚುಕ್ಕಿ ಕಾಣ್ತಿದೆ. ದುಪಟ್ಟಾ, ರಿಮೋಟು, ಅವರಪ್ಪನ ಬೆರಳು, ಸಿಕ್ಕಿದ್ದೆಲ್ಲ ಬಾಯಿಗೆ, ಜೊಲ್ಲು ಸುರಿದು ಸುರಿದು ಗಲ್ಲದ ಕೆಳಗೆಲ್ಲ ಕೆಂಪಗಾಗಿಬಿಟ್ಟಿದೆ. ಅತ್ತೆಗಂತೂ ಕೆಳಗಿನ ಹಲ್ಲೇ ಮೊದಲು ಬಂತಲ್ಲ ಅಂತ ದೊಡ್ಡ ಸಮಾಧಾನ, ಮೇಲಿನದು ಮೊದಲು ಬಂದ್ರೆ ಸೋದರಮಾವನಿಗೆ ಆಗಲ್ಲ ಅನ್ನೋದು ನಮ್ಮ ಕಡೆ ಇನ್ನೂ ಹೇಳ್ತಾರೆ.

ರಾತ್ರಿಯೆಲ್ಲ ಅಳು. ಒದ್ದೆ ಬಟ್ಟೆ ತುದಿ ಫ್ರಿಜ್ಜಲ್ಲಿಟ್ಟು ಕೊಟ್ರೆ ಸ್ವಲ್ಪ ಹೊತ್ತು ಕಚ್ಚಿ ಸುಮ್ಮನಾಗ್ತಾಳೆ, ಆಮೇಲೆ ಮತ್ತೆ ಶುರು. ಅಂಗಡಿಯಿಂದ ತಂದ ಬಿಸ್ಕೆಟ್ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿದ್ರೆ ಮೈದಾ, ಸಕ್ಕರೆ, ಉಪ್ಪು. ಒಂದು ವರ್ಷದವರೆಗೆ ಉಪ್ಪು ಸಕ್ಕರೆ ಬೇಡ ಅಂತ ಮಕ್ಕಳ ಡಾಕ್ಟ್ರು ಹೇಳಿದ್ರು, ಹಾಗಾಗಿ ಈ ಭಾನುವಾರ ಮನೇಲೇ ಮಾಡೋಣ ಅಂತ ಕೂತೆ.

ನಾನು ಶುರು ಮಾಡೋ ಮುಂಚೆನೇ ಸಲಹೆಗಳು ಬಂದ್ವು. ಅಮ್ಮ ಫೋನಲ್ಲಿ, "ಉತ್ತತ್ತಿಗೆ ದಾರ ಕಟ್ಟಿ ಕೈಗೆ ಕೊಡೇ, ನಿಂಗೂ ಅದನ್ನೇ ಕೊಟ್ಟಿದ್ದು" ಅಂದ್ರು. ಆದ್ರೆ ಉತ್ತತ್ತಿ ಜೊಲ್ಲಲ್ಲಿ ನೆನೆದ ಮೇಲೆ ಅಂಟಂಟಾಗಿ ತುಂಡು ಕಿತ್ತು ಬರತ್ತೆ, ದಾರ ಇಡೀ ಹಣ್ಣನ್ನ ಹಿಡಿಯುತ್ತೆ ಹೊರತು ಕಿತ್ತು ಬಂದ ತುಂಡನ್ನಲ್ಲ. ಅತ್ತೆ, "ಒಂದು ಚಮಚ ಜೇನುತುಪ್ಪ ಹಾಕಮ್ಮ, ರುಚಿ ಇದ್ರೆ ತಾನೆ ತಿನ್ನತ್ತೆ" ಅಂದ್ರು. ಇದಕ್ಕೆ ಮಾತ್ರ ನಾನು ಒಪ್ಪಲೇ ಇಲ್ಲ. ಜೇನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ದೊಡ್ಡವರ ಹೊಟ್ಟೇಲಿ ಸಾಮಾನ್ಯವಾಗಿ ಏನೂ ಮಾಡಲ್ಲ, ವರ್ಷ ತುಂಬದ ಮಗುವಿನ ಕರುಳಲ್ಲಿ ಮಾತ್ರ ಬೆಳೆದು ವಿಷ ಬಿಡಬಹುದು, ಬೊಟುಲಿಸಂ ಅಂತಾರೆ, ಬೇಯಿಸಿದ್ರೂ ಆ ಬೀಜಾಣು ಸಾಯಲ್ಲ. ಇಷ್ಟನ್ನೂ ಅತ್ತೆಗೆ ಕೂರಿಸಿಕೊಂಡು ಹೇಳಿದೆ, ಕೇಳಿಸಿಕೊಂಡು "ಹಂಗಾದ್ರೆ ಬೇಡ ಬಿಡು, ಬಾಳೆಹಣ್ಣೇ ಸಿಹಿ ಇದೆಯಲ್ಲ" ಅಂತ ತಾವೇ ಹಣ್ಣು ಸುಲಿಯೋಕೆ ಕೂತ್ರು. ಅತ್ತೆಯ ಈ ಗುಣ ನನಗೆ ತುಂಬ ಇಷ್ಟ.

ರಾಗಿ ಮೊದಲೇ ರೆಡಿ ಇತ್ತು, ಸರಿ ಹಿಟ್ಟಿಗೆ ಅಂತ ನೆನೆಸಿ, ಬಟ್ಟೇಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಮಿಲ್ಲಿಗೆ ಹಾಕ್ಸಿದ್ದು. ನೂರು ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರತ್ತೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರಲ್ಲ, ಮೊಳಕೆ ಬರಿಸಿದ್ರೆ ಅದರಲ್ಲಿರೋ ಕಬ್ಬಿಣ ಕ್ಯಾಲ್ಸಿಯಂ ಮೈಗೆ ಹತ್ತೋದೂ ಸುಲಭ. ಚೆನ್ನಾಗಿ ಕಳಿತ ಏಲಕ್ಕಿ ಬಾಳೆಹಣ್ಣು ನುಣ್ಣಗೆ ಕಿವುಚಿ, ಒಂದು ಚಮಚ ತುಪ್ಪ ಹಾಕಿ, ಹಿಡಿಸಿದಷ್ಟು ಹಿಟ್ಟು ಸೇರಿಸಿ ಕಲಸಿದೆ, ನೀರು ಒಂದು ಹನಿನೂ ಬೇಡ.

ನಮ್ಮನೇಲಿ ಓವನ್ ಇಲ್ಲ. ಹಳೇ ಕುಕ್ಕರ್ ತಳಕ್ಕೆ ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ವಿಸಿಲ್ ಎರಡೂ ತೆಗೆದು ಹತ್ತು ನಿಮಿಷ ಕಾಯಿಸಿ, ತುಪ್ಪ ಸವರಿದ ತಟ್ಟೇಲಿ ಕಡ್ಡಿಗಳನ್ನ ಜೋಡಿಸಿ ಒಳಗಿಟ್ಟೆ. ಬೇಕಂತಲೇ ಎರಡು ಥರ ಮಾಡಿದ್ದೆ, ಅರ್ಧ ಪೆನ್ಸಿಲ್ ದಪ್ಪ, ಅರ್ಧ ನನ್ನ ಹೆಬ್ಬೆರಳು ದಪ್ಪ. ಸಣ್ಣ ಉರಿ, ಮಧ್ಯೆ ಒಂದು ಸಲ ತಿರುಗಿಸಿದ್ದು, ಅರ್ಧ ಗಂಟೆ ಆದ್ಮೇಲೆ ಸ್ಟೌ ಆಫ್ ಮಾಡಿ ಅದರ ಬಿಸೀಲೇ ಬಿಟ್ಟೆ. ಮನೆ ತುಂಬ ಹುರಿದ ರಾಗಿ ಘಮ.

ತೆಳ್ಳಗಿನವು ನಿಪ್ಪಟ್ಟಿನ ಥರ ಪಟ್ ಅಂತ ಮುರಿದ್ವು, ಅವು ಮಗುಗೆ ಬೇಡವೇ ಬೇಡ, ಚೂಪಾದ ಚೂರು ಗಂಟಲಿಗೆ ಹೋದ್ರೆ ಕಷ್ಟ, ಇವರು ಕಾಫಿ ಜೊತೆ ಖಾಲಿ ಮಾಡಿದ್ರು. ದಪ್ಪನವು ಹೊರಗೆ ಗಟ್ಟಿ, ಒಳಗೆ ಸ್ವಲ್ಪ ಮೆತ್ತಗೆ. ಒಂದನ್ನ ಹಲ್ಲು ತಾಗಿಸದೆ ಬಾಯಲ್ಲಿಟ್ಟುಕೊಂಡು ಚೀಪಿ ನೋಡಿದೆ, ತುದಿ ನಿಧಾನಕ್ಕೆ ಕರಗಿ ಹಿಟ್ಟಾಯ್ತು, ನಾಲಿಗೇಲಿ ಒತ್ತಿದ್ರೆ ಸಾಕು. ನಂಗೆ ರುಚಿಗಿಂತ ಮುಖ್ಯ ಇದೇ, ಕಡ್ಡಿ ತುಂಡಾಗಬಾರದು, ಕರಗಬೇಕು. ಹಸಿ ಕ್ಯಾರೆಟ್ ಕೊಡ್ತಾರೆ ಕೆಲವರು, ಅದು ಕರಗಲ್ಲ, ಚೂರು ಮುರಿದು ನೇರ ಒಳಗೆ ಹೋಗತ್ತೆ, ದಯವಿಟ್ಟು ಕೊಡಬೇಡಿ.

ಸಾಯಂಕಾಲ ಪುಟ್ಟೀನ ಊಟದ ಕುರ್ಚೀಲಿ ನೆಟ್ಟಗೆ ಕೂರಿಸಿ ಕೈಗೆ ಕೊಟ್ಟೆ. ಮೊದಲು ತಿರುಗಿಸಿ ತಿರುಗಿಸಿ ನೋಡಿದ್ಲು, ಆಮೇಲೆ ಬಾಯಿಗಿಟ್ಟು ಒಸಡಲ್ಲಿ ಅರೆಯೋಕೆ ಶುರು ಮಾಡಿದ್ಲು ನೋಡಿ, ಕಣ್ಣು ಅರ್ಧ ಮುಚ್ಚಿ, ಹುಬ್ಬು ಗಂಟು ಹಾಕಿ, ಏನು ಗಮನ! ಮಧ್ಯೆ ಒಂದು ಸಲ ಓಕ್ ಅಂತ ಓಕರಿಸಿದ್ಲು. ಅತ್ತೆ ಬೆನ್ನು ತಟ್ಟೋಕೆ ಓಡಿಬಂದ್ರು, ನಾನು ತಡೆದೆ, ಶಬ್ದ ಬರ್ತಿದೆ ಕೆಮ್ಮುತ್ತಿದ್ದಾಳೆ ಅಂದ್ರೆ ಮಗು ತಾನೇ ಆಚೆ ಹಾಕ್ತಿದೆ ಅಂತ, ಶಬ್ದನೇ ಇಲ್ಲದೆ ಮುಖದ ಬಣ್ಣ ಬದಲಾದ್ರೆ ಅದು ಸಿಕ್ಕಿಕೊಂಡಿರೋದು, ಆಗ ಒಂದು ಕ್ಷಣನೂ ಕಾಯಬಾರದು. ಅದಕ್ಕೇ ಕಡ್ಡಿ ಕೈಲಿರೋವರೆಗೂ ಎದುರಿಗೇ ಕೂತಿರ್ತೀನಿ, ಫೋನ್ ಕೂಡ ಮುಟ್ಟಲ್ಲ. ತುದಿ ನೆನೆದು ಮೆತ್ತಗಾಗಿ ಚಿಕ್ಕದಾದ್ರೆ ತಕ್ಷಣ ಇಸ್ಕೊಂಡು ಬೇರೆ ಕೊಡ್ತೀನಿ.

ಬಾಳೆಹಣ್ಣು ಇರೋದ್ರಿಂದ ಹೊರಗೆ ಇಟ್ರೆ ಬೇಗ ಕೆಡತ್ತೆ, ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿ ಎರಡು ಮೂರು ದಿನ, ಅಷ್ಟೇ. ತಣ್ಣಗಿರೋದು ಒಸಡಿಗೂ ಹಿತ ಅನ್ಸತ್ತೆ ಅವಳಿಗೆ. ಇನ್ನೊಂದು ಮಾತು, ಜ್ವರ 100.4 ಡಿಗ್ರಿ ದಾಟಿದ್ರೆ, ಭೇದಿ ಆದ್ರೆ ಹಲ್ಲು ಬರ್ತಿದೆ ಬಿಡು ಅಂತ ಕೂರಬೇಡಿ, ಅದಕ್ಕೆ ಕಾರಣ ಬೇರೆ ಇರತ್ತೆ, ಡಾಕ್ಟ್ರಿಗೆ ತೋರಿಸಿ. ಅತ್ತೆ ಈಗಾಗ್ಲೇ ಮುಂದಿನ ವಾರಕ್ಕೆ ಗೆಣಸು ತರಿಸಿಟ್ಟಿದ್ದಾರೆ, ಬೇಯಿಸಿ ಕಿವುಚಿ ಬಾಳೆಹಣ್ಣಿನ ಬದಲು ಅದನ್ನ ಹಾಕಿ ನೋಡೋಣ ಅಂತ, ಈ ಸಲ ಹಿಟ್ಟು ಕಲಸೋದು ಅವರೇ ಅಂತೆ.