ಮುರಿದ ಕಾಲು, ಚಿಕ್ಕಮ್ಮ ಮತ್ತು ‘ಮಿಸರಿ’

ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ನೋಡಬಾರದ ಸಿನಿಮಾ ಅಂತ ಒಂದಿದ್ದರೆ ಅದು ‘ಮಿಸರಿ’. ಹೋದ ಮಳೆಗಾಲದಲ್ಲಿ ನಾನು ಅದನ್ನೇ ನೋಡಿದೆ. ಮುಂಬೈಯ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಮೆಟ್ಟಿಲ ಮೇಲೆ ಜಾರಿದ್ದೆ. ಆರು ವಾರ ಮಲಗಬೇಕು ಅಂದರು. ಡೊಂಬಿವಲಿಯ ಚಿಕ್ಕಮ್ಮ ಬಂದು ತಮ್ಮ ಮನೆಗೆ ಕರೆದುಕೊಂಡು ಹೋದರು. ಚಿಕ್ಕಮ್ಮ ಮೂವತ್ತು ವರ್ಷ ನರ್ಸ್ ಆಗಿದ್ದವರು. ಇದು ನೆನಪಿರಲಿ.

1990ರ ಸಿನಿಮಾ. 1987ರಲ್ಲಿ ಬಂದ ಸ್ಟೀಫನ್ ಕಿಂಗ್ ಕಾದಂಬರಿ, ರಾಬ್ ರೈನರ್ ನಿರ್ದೇಶನ. ಪಾಲ್ ಶೆಲ್ಡನ್ ದೊಡ್ಡ ಹೆಸರಿನ ಲೇಖಕ. ಮಿಸರಿ ಅನ್ನುವ ನಾಯಕಿಯ ಕತೆ ಬರೆದೂ ಬರೆದೂ ಬೇಜಾರಾಗಿ, ಕೊನೆಯ ಪುಸ್ತಕದಲ್ಲಿ ಅವಳನ್ನು ಸಾಯಿಸಿಬಿಟ್ಟಿರುತ್ತಾನೆ. ಹಿಮಗಾಳಿಯಲ್ಲಿ ಕಾರು ಉರುಳಿ ಎರಡೂ ಕಾಲು ಮುರಿಯುತ್ತವೆ. ಮನೆಗೆ ಹೊತ್ತೊಯ್ದು ಬದುಕಿಸುವ ಆನಿ ಅವನ ಅಭಿಮಾನಿ. ಅವಳೂ ನರ್ಸ್!

ಚಿಕ್ಕಮ್ಮ ಬೆಳ್ಳುಳ್ಳಿ ಸುಲಿಯುತ್ತಾ ಪಕ್ಕದಲ್ಲೇ ಕೂತರು. “ಕೆಲಸ ಗೊತ್ತಿರೋಳು ಕಣೋ” ಅಂತ ಆನಿಗೆ ಸರ್ಟಿಫಿಕೇಟ್ ಬೇರೆ ಕೊಟ್ಟರು. ನಾಯಕಿ ಸತ್ತಳೆಂದು ಓದಿ ಆನಿ ಕಿರುಚಾಡಿದಾಗಲೂ ಅವಳಿಗೆ ಹುಚ್ಚು ಅನ್ನಲಿಲ್ಲ. “ಹೊಟ್ಟೆ ಉರಿಯಲ್ವಾ ಮತ್ತೆ?” ಅಂದರು.

ಅವರ ಮಂಚದ ಕೆಳಗೆ ಒಂದು ಟ್ರಂಕ್ ಇದೆ. ವಾರಪತ್ರಿಕೆಗಳ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದ ಕಟ್ಟುಗಳು ಅದರ ತುಂಬ. ಊರಿಂದ ಬರುವವರ ಕೈಲಿ ತರಿಸಿಕೊಂಡದ್ದು. ಒಂದು ವಾರದ ಕಂತು ತಪ್ಪಿಹೋದ ಕಡೆ ಬಿಳಿ ಹಾಳೆ ಸೇರಿಸಿ ಹೊಲಿದಿದ್ದಾರೆ. ಸಿಕ್ಕರೆ ಅಂಟಿಸೋಣ ಅಂತ.

ಅದಕ್ಕೇ ಇರಬೇಕು, ನಾನು ಸುಮ್ನೆ ದಾಟಿಬಿಡುತ್ತಿದ್ದ ಒಂದು ದೃಶ್ಯಕ್ಕೆ ಅವರು ಚಾಕು ಕೆಳಗಿಟ್ಟರು. ಚಿಕ್ಕವಳಿದ್ದಾಗ ನೋಡಿದ ಕಂತಿನ ಸಿನಿಮಾದ ಬಗ್ಗೆ ಆನಿ ಹೇಳುತ್ತಾಳೆ. ಒಂದು ವಾರ ನಾಯಕ ಕಾರಿನ ಸಮೇತ ಪ್ರಪಾತಕ್ಕೆ ಬಿದ್ದ. ಮುಂದಿನ ವಾರ ನೋಡಿದರೆ, ಬೀಳುವ ಮೊದಲೇ ಹಾರಿಕೊಂಡಿದ್ದ! ಎಲ್ಲರೂ ಚಪ್ಪಾಳೆ ತಟ್ಟಿದರಂತೆ, ಇವಳೊಬ್ಬಳೇ ಎದ್ದು ನಿಂತು ಇದು ಮೋಸ ಅಂತ ಕೂಗಿದಳಂತೆ. “ನ್ಯಾಯವಾಗೇ ಹೇಳ್ತಿದಾಳೆ. ಬರೆಯೋರು ನಮಗೆ ನೆನಪಿರಲ್ಲ ಅಂದ್ಕೊಂಡಿರ್ತಾರೆ” ಅಂದರು ಚಿಕ್ಕಮ್ಮ. ಈ ಮಾತಿಗೆ ನಾನು ಆನಿಗಿಂತ ಜಾಸ್ತಿ ಹೆದರಿದೆ.

ಆಮೇಲೆ ಸುತ್ತಿಗೆಯ ದೃಶ್ಯ. ಪಾಲ್ ತಪ್ಪಿಸಿಕೊಂಡು ಹೋಗದಿರಲಿ ಅಂತ ಆನಿ ಕಾದಂಬರಿಯಲ್ಲಿ ಕೊಡಲಿಯಿಂದ ಅವನ ಪಾದ ಕಡಿಯುತ್ತಾಳೆ. ಇಲ್ಲಿ ಪಾದಗಳ ನಡುವೆ ಮರದ ತುಂಡು ಇಟ್ಟು ಸುತ್ತಿಗೆ ಬೀಸುತ್ತಾಳೆ, ಅಷ್ಟೇ. ನನಗೆ ಕೊಡಲಿಯೇ ವಾಸಿ ಅನ್ನಿಸಿತು. ಹೊಡೆದಾದ ಮೇಲೆ ಅವಳು ಪ್ರೀತಿಯ ಮಾತಾಡುತ್ತಾಳೆ, ಅದೂ ಎಷ್ಟು ಮೆತ್ತಗೆ! ಆನಿಯಾಗಿ ನಟಿಸಿದ ಕ್ಯಾಥಿ ಬೇಟ್ಸ್‌ಗೆ ಆಸ್ಕರ್ ಸುಮ್ನೆ ಬರಲಿಲ್ಲ. ನಾನು ಗೊತ್ತಿಲ್ಲದೆ ಕಾಲು ಎಳೆದುಕೊಂಡಿದ್ದೆ. ಚಿಕ್ಕಮ್ಮ ಟಿವಿಯಿಂದ ಕಣ್ಣು ತೆಗೆಯದೆ ಅದನ್ನು ಹಿಡಿದು ಮತ್ತೆ ದಿಂಬಿನ ಮೇಲಿಟ್ಟರು. “ಅಲ್ಲಾಡಿಸಬೇಡ ಅಂದಿದೀನಲ್ಲ.”

ಕೊನೆಯಲ್ಲಿ ಪಾಲ್, ಆನಿಯ ಬಲವಂತಕ್ಕೆ ಮಿಸರಿಯನ್ನು ಮತ್ತೆ ಬದುಕಿಸಿ ಬರೆದ ಹೊಸ ಕಾದಂಬರಿಯನ್ನು ಅವಳ ಕಣ್ಣೆದುರೇ ಸುಡುತ್ತಾನೆ. ಅಲ್ಲಿಂದ ಮುಂದಿನದು ಹೊಡೆದಾಟ. ಚಿಕ್ಕಮ್ಮ ಬೆಳ್ಳುಳ್ಳಿ ಎತ್ತಿಟ್ಟು, ಮಾತ್ರೆ ನುಂಗಿಸಿ, ದೀಪ ಆರಿಸಿ ಹೋದರು.

ಹನ್ನೆರಡು ದಾಟಿರಬೇಕು. ಹೊರಗೆ ಮಳೆ ಸುರಿಯುತ್ತಲೇ ಇತ್ತು.

“ಏ, ಮಲಗಿದ್ಯಾ?”

“ಇಲ್ಲ, ಹೇಳಿ ಚಿಕ್ಕಮ್ಮ.”

“ಆ ಮಿಸರಿ ಕೊನೆಗೆ ಯಾರನ್ನ ಮದುವೆ ಆದ್ಲು?”

“ಗೊತ್ತಾಗಲ್ಲ ಚಿಕ್ಕಮ್ಮ. ಸುಟ್ಟುಹಾಕಿದ್ನಲ್ಲ.”

ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ ಅವರ ರೂಮಿನ ದೀಪ ಹತ್ತಿತು.